ಯಾರನ್ನು ನೋಡಿ ನಗಬೇಕು? (ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಪರಿಚಯ)

 

ನಮ್ಮ ಗೋಡೆ ಪತ್ರಿಕೆಯಲ್ಲಿ ಇದುವರೆಗೆ ಕವಿಗಳ ಪರಿಚಯ, ವಿಜ್ಞಾನಿಗಳ ಪರಿಚಯ, ಸ್ವಾತಂತ್ರ್ಯ ಹೋರಾಟಗಾರರ ಪರಿಚಯ ಬಂದಿದೆ. ಚಿತ್ರ ಬರೆಯುವವರ ಪರಿಚಯ ಒಂದೂ ಬಂದಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಅವರು, ಮಾಲೂರು ತಾಲ್ಲೂಕಿನ ಮಾಸ್ತಿ ಅವರು ನಮ್ಮ ಜಿಲ್ಲೆಯ ಹೆಮ್ಮೆ. ಅವರು ಹೇಳಬೇಕಾದ್ದನ್ನು ಅಕ್ಷರದಲ್ಲಿ ಹೇಳಿದರು. ಅಕ್ಷರಕ್ಕಿಂತ ಹೆಚ್ಚಾಗಿ ಗೆರೆಯಲ್ಲೇ ಹೇಳಿದವರು ಕೂಡ ನಮ್ಮ ರಾಜ್ಯದಲ್ಲಿ ಹುಟ್ಟಿದ್ದಾರೆ. ಅವರಲ್ಲಿ ಬಹಳ ದೊಡ್ಡವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಅವರ ಜೀವನ ಮತ್ತು ಕೆಲಸದ ವಿಷಯವಾಗಿ ಈ ಪಾಠ ಬರೆದಿದ್ದೇನೆ. ಪಾಠ ಉದ್ದ ಇದೆ. ಒಂದೇ ಸಲ ನಿಂತು ಓದಲು ಕಾಲು ನೋವಾದರೆ ಎರಡು ಸಲ ಬಂದು ಓದಿ.

1. ವ್ಯಂಗ್ಯಚಿತ್ರ ಎಂದರೆ ಏನು?

ಒಂದು ಮಾವಿನಹಣ್ಣನ್ನು ಇದ್ದ ಹಾಗೆ ಬರೆದರೆ ಅದು ಚಿತ್ರ. ಒಂದು ಕಥೆಯನ್ನು ಚೌಕ ಚೌಕವಾಗಿ ಸಾಲಾಗಿ ಬರೆದು, ಮಾತುಗಳನ್ನು ಗುಳ್ಳೆಯೊಳಗೆ ಬರೆದರೆ ಅದು ಕಾಮಿಕ್ಸ್, ಅಂದರೆ ಚಿತ್ರಕಥೆ. ನಾವು ಓದುವ ಅಮರ ಚಿತ್ರ ಕಥೆ ಪುಸ್ತಕಗಳು ಈ ಜಾತಿಗೆ ಸೇರಿದವು. ಅದನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ಅವರೂ ನಮ್ಮ ಕರ್ನಾಟಕದವರೇ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು.

ವ್ಯಂಗ್ಯಚಿತ್ರ ಇವೆರಡಕ್ಕಿಂತ ಬೇರೆ. ಅದರಲ್ಲಿ ಸಾಮಾನ್ಯವಾಗಿ ಒಂದೇ ಚೌಕ ಇರುತ್ತದೆ. ಕೆಳಗೆ ಒಂದೋ ಎರಡೋ ಸಾಲು ಮಾತು ಇರುತ್ತದೆ. ನೋಡಿದ ತಕ್ಷಣ ನಗು ಬರುತ್ತದೆ. ನಕ್ಕ ಮೇಲೆ, ಹೌದಲ್ವಾ, ಇದು ನಿಜ ತಾನೇ ಅಂತ ಯೋಚನೆ ಬರುತ್ತದೆ. ನಗು ಬಂದು ಯೋಚನೆ ಬರದಿದ್ದರೆ ಅದು ಬರೀ ತಮಾಷೆ. ಯೋಚನೆಯೂ ಬಂದರೆ ವ್ಯಂಗ್ಯಚಿತ್ರ.

ಹಾಗಾದರೆ ಯಾರನ್ನಾದರೂ ಸೊಟ್ಟಗೆ ಬರೆದುಬಿಟ್ಟರೆ ವ್ಯಂಗ್ಯಚಿತ್ರ ಆಗುತ್ತದಾ? ಈ ಪ್ರಶ್ನೆಗೆ ಉತ್ತರ ಲಕ್ಷ್ಮಣ್ ಅವರ ಕೆಲಸದಲ್ಲಿ ಸಿಗುತ್ತದೆ. ಮೊದಲು ಅವರ ಬಾಲ್ಯ ನೋಡೋಣ.

2. ಹುಟ್ಟು ಮತ್ತು ಬಾಲ್ಯ

ಲಕ್ಷ್ಮಣ್ ಅವರು ಹುಟ್ಟಿದ್ದು ಮೈಸೂರಿನಲ್ಲಿ, 1921ನೇ ಇಸವಿ ಅಕ್ಟೋಬರ್ 24ರಂದು. ತಂದೆ ಕೃಷ್ಣಸ್ವಾಮಿ ಅಯ್ಯರ್ ಹೆಡ್‌ಮಾಸ್ಟರ್ ಆಗಿದ್ದರು. ಮನೆ ತುಂಬ ಮಕ್ಕಳು. ಗಂಡುಮಕ್ಕಳಲ್ಲಿ ಲಕ್ಷ್ಮಣ್ ಅವರೇ ಕೊನೆಯವರು. ಅವರ ಅಣ್ಣ ಆರ್.ಕೆ. ನಾರಾಯಣ್, ಮಾಲ್ಗುಡಿ ಎಂಬ ಊರನ್ನು ಕಲ್ಪಿಸಿ ಇಂಗ್ಲಿಷಿನಲ್ಲಿ ಕಥೆ ಬರೆದು ಪ್ರಪಂಚಕ್ಕೆಲ್ಲ ಹೆಸರಾದವರು.

ಇನ್ನೂ ಓದು ಬರಹ ಬರುವ ಮೊದಲೇ ಲಕ್ಷ್ಮಣ್ ಪುಸ್ತಕಗಳಲ್ಲಿನ ಚಿತ್ರಗಳನ್ನು ನೋಡುತ್ತಾ ಕೂರುತ್ತಿದ್ದರು. ಆಮೇಲೆ ತಾವೇ ಬರೆಯಲು ಶುರು ಮಾಡಿದರು. ಎಲ್ಲಿ ಬರೆದರು ಗೊತ್ತಾ? ಮನೆಯ ನೆಲದ ಮೇಲೆ, ಗೋಡೆಯ ಮೇಲೆ, ಬಾಗಿಲ ಮೇಲೆ! ನಮ್ಮ ಮನೆಯಲ್ಲಿ ಹಂಗೆ ಬರೆದರೆ ಬೆನ್ನಿಗೆ ಬೀಳುತ್ತದೆ. ಕಿಟಕಿ ಹತ್ತಿರ ಕೂತು ಹೊರಗೆ ಕಂಡದ್ದನ್ನೆಲ್ಲ ಬರೆಯುತ್ತಿದ್ದರು. ಒಣಗಿದ ಕಡ್ಡಿ, ಎಲೆ, ಹರಿದಾಡುವ ಹುಳ, ಸೌದೆ ಒಡೆಯುವ ಆಳು, ಎದುರು ಮನೆ ಸೂರಿನ ಮೇಲೆ ಕೂತ ಕಾಗೆ, ಇವೇ ಅವರ ಪಾಠದ ಪುಸ್ತಕ. ಇವೆಲ್ಲ ನಮ್ಮ ಊರಿನಲ್ಲೂ ಇವೆ. ನಾವು ದಿನಾ ನೋಡುತ್ತೇವೆ, ಆದರೆ ಗಮನಿಸುವುದಿಲ್ಲ.

ಅವರು ಬರೀ ಚಿತ್ರ ಬರೆಯುತ್ತಾ ಮೂಲೆಯಲ್ಲಿ ಕೂತಿದ್ದ ಹುಡುಗ ಅಲ್ಲ. ಬೀದಿಯ ಹುಡುಗರನ್ನು ಸೇರಿಸಿ ಕ್ರಿಕೆಟ್ ತಂಡ ಕಟ್ಟಿದ್ದರು. ಆ ತುಂಟಾಟಗಳನ್ನು ನೋಡಿಯೇ ಅಣ್ಣ ನಾರಾಯಣ್ ಕೆಲವು ಕಥೆಗಳನ್ನು ಬರೆದರು.

3. ಅರಳಿ ಎಲೆ

ಒಂದು ದಿನ ಶಾಲೆಯಲ್ಲಿ ಮೇಷ್ಟ್ರು ಎಲ್ಲರಿಗೂ ಒಂದು ಎಲೆ ಬರೆಯಲು ಹೇಳಿದರಂತೆ. ಲಕ್ಷ್ಮಣ್ ಅರಳಿ ಎಲೆ ಬರೆದರು. ಮೇಷ್ಟ್ರು ಅದನ್ನು ನೋಡಿ, ನೀನು ಮುಂದೆ ಚಿತ್ರಕಾರ ಆಗುತ್ತೀಯ ಅಂತ ಮೆಚ್ಚಿಕೊಂಡರು. ಆ ಒಂದು ಮಾತು ಹುಡುಗನ ಮನಸ್ಸಿನಲ್ಲಿ ಕೂತುಬಿಟ್ಟಿತು. ತಾನು ಚಿತ್ರಕಾರ ಅಂತ ಅವತ್ತಿನಿಂದಲೇ ಅಂದುಕೊಂಡೆ ಎಂದು ದೊಡ್ಡವರಾದ ಮೇಲೆ ಲಕ್ಷ್ಮಣ್ ನೆನೆಸಿಕೊಂಡಿದ್ದಾರೆ.

ಅರಳಿ ಎಲೆಯನ್ನು ಗಮನಿಸಿ. ತುದಿ ಉದ್ದವಾಗಿ ಬಾಲದ ಹಾಗೆ ಇಳಿಯುತ್ತದೆ. ನಡುವಿನ ನರದಿಂದ ಸಣ್ಣ ನರಗಳು ಎರಡೂ ಕಡೆ ಹೋಗುತ್ತವೆ. ತುಸುವೇ ಗಾಳಿ ಬಂದರೂ ಅಲ್ಲಾಡುತ್ತದೆ. ಇದನ್ನು ಬರೆಯಬೇಕಾದರೆ ಮೊದಲು ನೋಡಬೇಕು. ಕೈಗಿಂತ ಮುಂಚೆ ಕಣ್ಣು ಕೆಲಸ ಮಾಡಬೇಕು.

4. ಸೀಟು ಸಿಗಲಿಲ್ಲ

ಹೈಸ್ಕೂಲು ಮುಗಿದ ಮೇಲೆ ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರುವ ಆಸೆ ಆಯಿತು. ಅದು ದೇಶದಲ್ಲೇ ಹೆಸರಾದ ಚಿತ್ರಕಲಾ ಶಾಲೆ. ತಮ್ಮ ಚಿತ್ರಗಳನ್ನು ಕಳಿಸಿ ಅರ್ಜಿ ಹಾಕಿದರು. ನಿಮ್ಮ ಚಿತ್ರಗಳಲ್ಲಿ ನಮ್ಮ ಶಾಲೆಗೆ ಸೇರುವಷ್ಟು ಪ್ರತಿಭೆ ಕಾಣುವುದಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಲಕ್ಷ್ಮಣ್ ಚಿತ್ರ ಬಿಡಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು ಸೇರಿ ಬಿ.ಎ. ಓದಿದರು. ಓದುತ್ತಲೇ ಪತ್ರಿಕೆಗಳಿಗೆ ಚಿತ್ರ ಬರೆದರು. ಹಿಂದೂ ಪತ್ರಿಕೆಯಲ್ಲಿ ಅಣ್ಣನ ಕಥೆಗಳು ಬರುತ್ತಿದ್ದವು, ಅವಕ್ಕೆ ಚಿತ್ರ ಬರೆಯುವವರು ತಮ್ಮ.

ಒಬ್ಬ ಮೇಷ್ಟ್ರು ಹೌದು ಅಂದರು, ಒಂದು ದೊಡ್ಡ ಶಾಲೆ ಇಲ್ಲ ಅಂದಿತು. ಲಕ್ಷ್ಮಣ್ ಹೌದು ಅಂದ ಮಾತನ್ನು ಇಟ್ಟುಕೊಂಡರು, ಇಲ್ಲ ಅಂದ ಮಾತನ್ನು ಬಿಟ್ಟರು.

ಅವರಿಗೆ ದೂರದ ಗುರು ಒಬ್ಬರಿದ್ದರು. ಇಂಗ್ಲೆಂಡಿನಲ್ಲಿದ್ದ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರ. ಅವರ ಚಿತ್ರಗಳು ಹಿಂದೂ ಪತ್ರಿಕೆಯಲ್ಲೂ ಬರುತ್ತಿದ್ದವು. ಅವರ ಸಹಿಯನ್ನು ಚಿಕ್ಕ ಲಕ್ಷ್ಮಣ್ ಬಹಳ ದಿನ ‘ಕೌ’, ಅಂದರೆ ಹಸು, ಎಂದೇ ಓದಿಕೊಂಡಿದ್ದರಂತೆ! ಹೆಸರು ತಪ್ಪಾದರೂ ಗೆರೆ ಅರ್ಥವಾಗಿತ್ತು.

5. ಕನ್ನಡದ ಕೊರವಂಜಿ

ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ಎಂಬ ಡಾಕ್ಟರು ಇದ್ದರು. ರಾಶಿ ಎಂಬುದು ಅವರ ಕಾವ್ಯನಾಮ. ಅವರು 1942ರಲ್ಲಿ ಕೊರವಂಜಿ ಎಂಬ ಹಾಸ್ಯ ಪತ್ರಿಕೆ ಶುರು ಮಾಡಿದರು. ಕೊರವಂಜಿ ಎಂದರೆ ಮನೆ ಮನೆಗೆ ಬಂದು ಕಣಿ ಹೇಳುವವಳು. ಅವಳು ಕೈ ನೋಡಿ ಇದ್ದದ್ದನ್ನು ಹೇಳುವ ಹಾಗೆ ಪತ್ರಿಕೆಯೂ ನಗಿಸುತ್ತಾ ಇದ್ದದ್ದನ್ನು ಹೇಳಲಿ ಅಂತ ಆ ಹೆಸರು ಇರಬಹುದು ಎಂದು ನನಗೆ ಅನ್ನಿಸುತ್ತದೆ. ಆ ಪತ್ರಿಕೆಗೆ ಚಿತ್ರ ಬರೆದವರಲ್ಲಿ ಲಕ್ಷ್ಮಣ್ ಒಬ್ಬರು. ಡಾಕ್ಟರು ಅವರಿಗೆ ಪ್ರೋತ್ಸಾಹ ಕೊಟ್ಟರು. ಮುಂದೆ ಇಂಗ್ಲಿಷ್ ಪತ್ರಿಕೆಯಿಂದ ಹೆಸರಾದ ಲಕ್ಷ್ಮಣ್, ಕನ್ನಡದ ಪತ್ರಿಕೆಯಲ್ಲೂ ಕೈ ಪಳಗಿಸಿಕೊಂಡವರು ಎಂಬುದನ್ನು ನಾವು ಮರೆಯಬಾರದು.

6. ಮುಂಬಯಿ ಮತ್ತು ಶ್ರೀಸಾಮಾನ್ಯ

ಲಕ್ಷ್ಮಣ್ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದರು. ಮೊದಲು ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಯಲ್ಲಿ ಕೆಲಸ ಮಾಡಿದರು. 1947ರಲ್ಲಿ, ಅಂದರೆ ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಟೈಮ್ಸ್ ಆಫ್ ಇಂಡಿಯಾ ಪತ್ರಿಕೆ ಸೇರಿದರು. ಅಲ್ಲಿಯೇ 50 ವರ್ಷಕ್ಕಿಂತ ಹೆಚ್ಚು ಕಾಲ ಚಿತ್ರ ಬರೆದರು.

1951ರಲ್ಲಿ ‘ಯು ಸೆಡ್ ಇಟ್’ ಎಂಬ ಹೆಸರಿನಲ್ಲಿ ದಿನಾ ಒಂದು ಪುಟ್ಟ ಚಿತ್ರ ಬರಲು ಶುರುವಾಯಿತು. ಕನ್ನಡದಲ್ಲಿ ಹೇಳಬೇಕೆಂದರೆ, ‘ನೀನೇ ಅಂದೆಯಲ್ಲ!’ ಎಂಬ ಹಾಗೆ. ಇಂಥ ಪುಟ್ಟ ಚಿತ್ರಕ್ಕೆ ಪಾಕೆಟ್ ಕಾರ್ಟೂನ್ ಅನ್ನುತ್ತಾರೆ.

ಇಲ್ಲಿ ಒಂದು ಕಷ್ಟ ಬಂತು. ಭಾರತದ ಜನರನ್ನು ತೋರಿಸಬೇಕು ಅಂದರೆ ಯಾರನ್ನು ಬರೆಯಬೇಕು? ಪಂಜಾಬಿನವರಿಗೆ ಪೇಟ, ಬಂಗಾಳದವರಿಗೆ ಒಂದು ಥರ ಪಂಚೆ, ತಮಿಳುನಾಡಿನವರಿಗೆ ಇನ್ನೊಂದು ಥರ. ಲಕ್ಷ್ಮಣ್ ಮೊದಮೊದಲು ಎಲ್ಲರನ್ನೂ ಸೇರಿಸಿ ಗುಂಪು ಗುಂಪಾಗಿ ಬರೆಯುತ್ತಿದ್ದರು. ಪತ್ರಿಕೆಗೆ ದಿನಾ ಹೊತ್ತಿಗೆ ಸರಿಯಾಗಿ ಕೊಡಬೇಕಲ್ಲ, ಅಷ್ಟೊಂದು ಜನರನ್ನು ಬರೆಯಲು ಸಮಯ ಎಲ್ಲಿ? ಒಬ್ಬೊಬ್ಬರನ್ನೇ ಬಿಡುತ್ತಾ ಬಂದರು. ಕೊನೆಗೆ ಒಬ್ಬರು ಉಳಿದರು. ಅವರೇ ಕಾಮನ್ ಮ್ಯಾನ್. ಕನ್ನಡದಲ್ಲಿ ಶ್ರೀಸಾಮಾನ್ಯ.

ಅವರು ನೋಡಲು ಹೇಗಿದ್ದಾರೆ? ಬೋಳು ತಲೆ, ಕಿವಿಯ ಮೇಲೆ ನಾಲ್ಕು ಕೂದಲು, ದಪ್ಪ ಮೀಸೆ, ಕನ್ನಡಕ, ಪಂಚೆ, ಚೌಕಳಿ ಕೋಟು. ಹುಬ್ಬು ಯಾವಾಗಲೂ ಮೇಲೆ ಹೋಗಿರುತ್ತದೆ, ಏನೋ ಆಶ್ಚರ್ಯ ಆದವರ ಹಾಗೆ. ಎಲ್ಲಾ ಕಡೆ ಇರುತ್ತಾರೆ. ಮಂತ್ರಿಯ ಮನೆಯಲ್ಲಿ, ಆಫೀಸಿನಲ್ಲಿ, ರಸ್ತೆಯ ಗುಂಡಿಯ ಪಕ್ಕದಲ್ಲಿ. ಆದರೆ ಮಾತೇ ಆಡುವುದಿಲ್ಲ. ಅವರ ಹೆಂಡತಿ ಒಂದೊಂದು ಸಲ ಮಾತಾಡುತ್ತಾರೆ. ಅವರು ಮಾತ್ರ ಸುಮ್ಮನೆ ನೋಡುತ್ತಾರೆ.

ಯಾಕೆ ಮಾತಾಡುವುದಿಲ್ಲ? ಮಂತ್ರಿ ಭಾಷಣ ಮಾಡುವಾಗ ನಮ್ಮ ಊರಿನಲ್ಲಿ ಕಟ್ಟೆ ಮೇಲೆ ಕೂತ ತಾತಂದಿರು ಏನು ಮಾಡುತ್ತಾರೆ, ನೋಡಿದ್ದೀರಾ? ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಇರುತ್ತಾರೆ. ಆ ಸುಮ್ಮನಿರುವುದರಲ್ಲೇ ಎಲ್ಲಾ ಇರುತ್ತದೆ.

7. ಚಂದ್ರನ ಮೇಲೆ ಯಾರು ಹೋಗಬೇಕು?

ಲಕ್ಷ್ಮಣ್ ಅವರ ಒಂದು ಚಿತ್ರ ಬಹಳ ಪ್ರಸಿದ್ಧ. ಚಂದ್ರನ ಮೇಲೆ ಕಳಿಸಲು ಸರಿಯಾದ ಮನುಷ್ಯನನ್ನು ಹುಡುಕುತ್ತಿದ್ದಾರೆ. ಚಂದ್ರನ ಮೇಲೆ ಏನೂ ಇಲ್ಲವಲ್ಲ. ಅಲ್ಲಿ ಒಬ್ಬರು ಶ್ರೀಸಾಮಾನ್ಯನನ್ನು ತೋರಿಸಿ, ಇವನೇ ಸರಿಯಾದವನು, ನೀರು, ಊಟ, ಬೆಳಕು, ಗಾಳಿ, ಸೂರು ಏನೂ ಇಲ್ಲದೆ ಇವನು ಬದುಕುತ್ತಾನೆ ಎಂಬ ಅರ್ಥದ ಮಾತು ಹೇಳುತ್ತಾರೆ.

ಈ ಚಿತ್ರದ ವಿಷಯ ಮನೆಯಲ್ಲಿ ಹೇಳಿದೆ. ನಮ್ಮ ಅಜ್ಜಿ ನಕ್ಕು, “ಹಂಗಾದ್ರೆ ನಮ್ಮ ಕಡೆಯೋರ್ನೆಲ್ಲ ಒಂದೇ ಸಲ ಕಳಿಸ್ಬಹುದು ಬಿಡು” ಅಂದರು. ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಬೋರ್‌ವೆಲ್ ಕೊರೆದರೂ ಎಷ್ಟೋ ಕಡೆ ಬರೀ ಧೂಳು ಬಂದದ್ದನ್ನು ಅಜ್ಜಿ ನೋಡಿದ್ದಾರೆ. ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. ಇದೇ ವ್ಯಂಗ್ಯಚಿತ್ರದ ಶಕ್ತಿ.

ಈಗ ಹೇಳಿ, ಈ ಚಿತ್ರದಲ್ಲಿ ನಾವು ಯಾರನ್ನು ನೋಡಿ ನಗುತ್ತೇವೆ? ಶ್ರೀಸಾಮಾನ್ಯನನ್ನು ನೋಡಿ ಅಲ್ಲ. ಅವನ ತಲೆ ಬೋಳು ಅಂತಲೂ ಅಲ್ಲ, ಅವನು ಬಡವ ಅಂತಲೂ ಅಲ್ಲ. ಅವನಿಗೆ ನೀರು, ಸೂರು ಕೊಡಬೇಕಾದವರು ಕೊಡದೆ, ಅದನ್ನೇ ಅವನ ಸಾಮರ್ಥ್ಯ ಅಂತ ಹೊಗಳುತ್ತಾರಲ್ಲ, ಅವರನ್ನು ನೋಡಿ ನಗುತ್ತೇವೆ.

8. ಮೂಗಿನ ವಿಷಯ

ಇಲ್ಲಿ ನನಗೆ ಒಂದು ಅನುಮಾನ ಬಂತು. ಲಕ್ಷ್ಮಣ್ ಪ್ರಧಾನಿ ಇಂದಿರಾ ಗಾಂಧಿಯವರನ್ನು ಬರೆಯುವಾಗ ಮೂಗನ್ನು ಉದ್ದವಾಗಿ ಬರೆಯುತ್ತಿದ್ದರು. ಒಬ್ಬರ ಮೂಗನ್ನು ಹಂಗೆ ಬರೆಯುವುದು ತಪ್ಪಲ್ಲವಾ?

ಯೋಚನೆ ಮಾಡಿದರೆ ಉತ್ತರ ತಿಳಿಯುತ್ತದೆ. ಪುಟ್ಟ ಚಿತ್ರದಲ್ಲಿ ಇದು ಯಾರು ಅಂತ ಓದುವವರಿಗೆ ತಕ್ಷಣ ಗೊತ್ತಾಗಬೇಕು. ಅದಕ್ಕೆ ಒಂದು ಗುರುತು ಬೇಕು. ಗಾಂಧೀಜಿ ಅಂದರೆ ದುಂಡು ಕನ್ನಡಕ, ನೆಹರೂ ಅಂದರೆ ಟೋಪಿ ಮತ್ತು ಗುಲಾಬಿ, ಹಾಗೆ. ಮೂಗು ಇರುವುದು ಗುರುತಿಗೆ. ನಗು ಬರುವುದು ಅವರು ಮಾಡಿದ ಕೆಲಸಕ್ಕೆ. ಮತ್ತೆ ಅವರು ದೇಶದ ಪ್ರಧಾನಿ. ಅಧಿಕಾರ ಅವರ ಕೈಯಲ್ಲಿತ್ತು. ಚಿತ್ರಕಾರನ ಕೈಯಲ್ಲಿ ಇದ್ದದ್ದು ಒಂದು ಕುಂಚ ಮಾತ್ರ.

ದೊಡ್ಡವರಲ್ಲಿ ಕೆಲವರು ಇದನ್ನು ಅರ್ಥ ಮಾಡಿಕೊಂಡಿದ್ದರು. 1962ರ ಚೀನಾ ಯುದ್ಧದ ನಂತರ ಲಕ್ಷ್ಮಣ್ ಪ್ರಧಾನಿ ನೆಹರೂ ಅವರನ್ನು ಟೀಕಿಸಿ ಒಂದು ಚಿತ್ರ ಬರೆದರು. ನೆಹರೂ ಅವರಿಂದ ಫೋನ್ ಬಂತು. ಬೈಗುಳ ಕಾದಿದೆ ಎಂದುಕೊಂಡರೆ, ಚಿತ್ರ ಬಹಳ ಚೆನ್ನಾಗಿದೆ, ದೊಡ್ಡದು ಮಾಡಿ ಸಹಿ ಹಾಕಿ ಕಳಿಸಿ ಎಂದು ಕೇಳಿದರಂತೆ. ಇದನ್ನು ಲಕ್ಷ್ಮಣ್ ಅವರೇ ಹೇಳಿದ್ದಾರೆ. ಎಲ್ಲಾ ಕಾಲವೂ ಹೀಗೆ ಇರಲಿಲ್ಲ. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಪತ್ರಿಕೆಗಳ ಮೇಲೆ ಸೆನ್ಸಾರ್ ಹಾಕಿದರು. ಆಗ ವ್ಯಂಗ್ಯಚಿತ್ರಕಾರರು ಮನಸ್ಸಿಗೆ ಬಂದದ್ದನ್ನು ಬರೆಯುವ ಹಾಗಿರಲಿಲ್ಲ. ನಗುವಿಗೂ ಹೆದರುವ ಕಾಲ ಬರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

9. ಅಳಿಸಿ ನೋಡುವ ಪರೀಕ್ಷೆ

ಒಂದು ವ್ಯಂಗ್ಯಚಿತ್ರ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಒಂದು ಪರೀಕ್ಷೆ ಮಾಡಿಕೊಂಡಿದ್ದೇನೆ. ಚಿತ್ರದಲ್ಲಿರುವವರ ಮೂಗು, ಕಿವಿ, ಹೊಟ್ಟೆ ಯಾವುದನ್ನು ದೊಡ್ಡದು ಮಾಡಿದ್ದಾರೋ ಅದನ್ನು ಮನಸ್ಸಿನಲ್ಲೇ ರಬ್ಬರ್ ಹಾಕಿ ಅಳಿಸಿಬಿಡಿ. ಸಾಧಾರಣ ಮೂಗು ಬರೆಯಿರಿ. ಆಮೇಲೂ ಚಿತ್ರದಲ್ಲಿ ಹೇಳುವ ಮಾತು ಉಳಿದಿದ್ದರೆ ಅದು ವ್ಯಂಗ್ಯಚಿತ್ರ. ಏನೂ ಉಳಿಯದಿದ್ದರೆ ಅದು ಗೇಲಿ, ಅಷ್ಟೆ.

ಚಂದ್ರನ ಚಿತ್ರದಲ್ಲಿ ಶ್ರೀಸಾಮಾನ್ಯನ ತಲೆಗೆ ಪೂರ್ತಿ ಕೂದಲು ಬರೆದು ನೋಡಿ. ನಗು ಹಾಗೇ ಇರುತ್ತದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಈ ವರ್ಷ ಕೆಲವರು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಒಬ್ಬ ಹುಡುಗನ ಚಿತ್ರ ಬರೆದಿದ್ದರು. ಅವನ ಮೆಳ್ಳೆಗಣ್ಣನ್ನು ತಟ್ಟೆಯಷ್ಟು ಅಗಲ ಮಾಡಿದ್ದರು. ಎಲ್ಲರೂ ನಕ್ಕರು. ಅವನು ಮೂರು ದಿನ ಶಾಲೆಗೆ ಬರಲಿಲ್ಲ. ಕೇಳಿದರೆ, “ಏ, ಅದು ಕಾರ್ಟೂನ್ ಕಣೋ, ಸುಮ್ನೆ ತಮಾಷೆಗೆ ಬರ್ದಿದ್ದು, ಅದಕ್ಕೆಲ್ಲ ಅಳ್ತಾರಾ?” ಅಂದರು. ಈ ಚಿತ್ರಕ್ಕೆ ನಮ್ಮ ಪರೀಕ್ಷೆ ಹಾಕಿ. ಕಣ್ಣು ಅಳಿಸಿದರೆ ಏನು ಉಳಿಯುತ್ತದೆ? ಒಂದು ತಲೆ, ಎರಡು ಕಿವಿ. ಅವನು ಏನು ಮಾಡಿದ ಅಂತ ಚಿತ್ರದಲ್ಲಿ ಇಲ್ಲವೇ ಇಲ್ಲ. ಕಣ್ಣು ಅವನು ಮಾಡಿಕೊಂಡದ್ದಲ್ಲ, ಹುಟ್ಟಿನಿಂದ ಬಂದದ್ದು. ಆದ್ದರಿಂದ ಅದು ಕಾರ್ಟೂನ್ ಅಲ್ಲ. ಕಾರ್ಟೂನ್ ಎಂಬ ಹೆಸರನ್ನು ಅದಕ್ಕೆ ಕೊಡಬಾರದು.

ಒಬ್ಬರ ಬಣ್ಣ, ಕುಂಟು, ತೊದಲು, ಜಾತಿ, ಹರಿದ ಅಂಗಿ ಇವು ನಗುವ ವಿಷಯಗಳಲ್ಲ. ಒಬ್ಬರ ಸುಳ್ಳು, ಜಂಬ, ಲಂಚ, ಸೋಮಾರಿತನ, ಕೊಟ್ಟ ಮಾತು ತಪ್ಪುವುದು ಇವು ನಗಬಹುದಾದ ವಿಷಯಗಳು. ಯಾಕೆಂದರೆ ಅವನ್ನು ಮನುಷ್ಯ ಬಿಡಬಹುದು. ಬಿಡಲು ಆಗದ್ದನ್ನು ನೋಡಿ ನಕ್ಕರೆ ನೋವು ಮಾತ್ರ ಉಳಿಯುತ್ತದೆ.

10. ಲಕ್ಷ್ಮಣ್ ಕೆಲಸ ಮಾಡುತ್ತಿದ್ದ ಕ್ರಮ

ದಿನಾ ಒಂದು ನಗು ಹುಡುಕುವುದು ಸುಲಭದ ಕೆಲಸ ಅಲ್ಲ. ಲಕ್ಷ್ಮಣ್ ಬೆಳಿಗ್ಗೆ ಪತ್ರಿಕೆಗಳನ್ನೆಲ್ಲ ಓದುತ್ತಿದ್ದರು. ಇವತ್ತಿನ ಮುಖ್ಯ ವಿಷಯ ಯಾವುದು, ಅದರಲ್ಲಿ ಸೊಟ್ಟ ಎಲ್ಲಿದೆ ಎಂದು ಗಂಟೆಗಟ್ಟಲೆ ಯೋಚಿಸುತ್ತಿದ್ದರು. ಯೋಚನೆ ಸಿಕ್ಕ ಮೇಲೆ ಚಿತ್ರ. ಕುಂಚವನ್ನು ಕಪ್ಪು ಇಂಡಿಯನ್ ಇಂಕಿನಲ್ಲಿ ಅದ್ದಿ ಬರೆಯುತ್ತಿದ್ದರು. ಅದಕ್ಕೇ ಅವರ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತದೆ. ಪೆನ್ಸಿಲ್ಲಿನ ಗೆರೆ ಎಲ್ಲಾ ಕಡೆ ಒಂದೇ ಥರ, ಕುಂಚದ ಗೆರೆ ಉಸಿರಾಡಿದ ಹಾಗೆ.

ಆ ಕಾಲದಲ್ಲಿ ಚಿತ್ರದಿಂದ ಸತುವಿನ ಬ್ಲಾಕ್ ಮಾಡಿ ಪತ್ರಿಕೆ ಅಚ್ಚು ಹಾಕುತ್ತಿದ್ದರು. ಕಾಗದವೂ ಒರಟು. ಸಣ್ಣ ಸಣ್ಣ ಗೆರೆ ಜಾಸ್ತಿ ಇದ್ದರೆ ಮಸಿ ಹರಡಿ ಕರಿ ಮುದ್ದೆ ಆಗುತ್ತದೆ. ಆದ್ದರಿಂದ ಬೇಕಾದ ಗೆರೆ ಮಾತ್ರ ಇಟ್ಟು ಬೇಡದ್ದನ್ನು ಬಿಡಬೇಕು. ಗುಂಪಿನಿಂದ ಒಬ್ಬನೇ ಶ್ರೀಸಾಮಾನ್ಯ ಉಳಿದ ಹಾಗೆ ಚಿತ್ರದಲ್ಲೂ ಬೇಕಾದ್ದು ಮಾತ್ರ ಉಳಿಯಬೇಕು. ನಾವು ಪ್ರಬಂಧ ಬರೆಯುವಾಗಲೂ ಈ ನಿಯಮ ಒಳ್ಳೆಯದು.

11. ಕಾಗೆ, ಗಟ್ಟು, ಮಾಲ್ಗುಡಿ

ಲಕ್ಷ್ಮಣ್ ಅವರಿಗೆ ಕಾಗೆ ಎಂದರೆ ಪ್ರಾಣ. ಎಲ್ಲರೂ ನವಿಲು, ಗಿಳಿ ಬರೆದರೆ ಇವರು ಕಾಗೆ ಬರೆಯುತ್ತಿದ್ದರು. ನಮ್ಮಲ್ಲಿ ಕಾಗೆಗೆ ತಿಥಿಯ ದಿನ ಮಾತ್ರ ಮರ್ಯಾದೆ, ಉಳಿದ ದಿನ ಕಲ್ಲು. ಲಕ್ಷ್ಮಣ್ ಹಾಗೆ ನೋಡಲಿಲ್ಲ. ಹಸಿರು ಎಲೆಯ ನಡುವೆ, ನೀಲಿ ಆಕಾಶದ ಮುಂದೆ ಕಪ್ಪು ಕಾಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದರು. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಹಕ್ಕಿಯನ್ನೂ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಮನುಷ್ಯನನ್ನೂ ಅವರು ಒಂದೇ ಪ್ರೀತಿಯಿಂದ ಬರೆದರು.

1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗೆ ಗಟ್ಟು ಎಂಬ ತುಂಟ ಹುಡುಗನ ಚಿತ್ರ ಬರೆದುಕೊಟ್ಟರು. ಹಣೆ ಮೇಲೆ ಕೂದಲು, ಕೈಯಲ್ಲಿ ಬಣ್ಣದ ಡಬ್ಬ ಮತ್ತು ಬ್ರಷ್. ಶಂಕರ್ ನಾಗ್ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ 1986ರಲ್ಲಿ ದೂರದರ್ಶನದಲ್ಲಿ ಬಂತು. ಅದರ ಶೂಟಿಂಗ್ ನಡೆದದ್ದು ನಮ್ಮ ಆಗುಂಬೆಯಲ್ಲಿ. ಕಥೆ ಅಣ್ಣನದು, ಶುರುವಿನಲ್ಲಿ ಬರುವ ಚಿತ್ರಗಳು ತಮ್ಮನವು. ನಮ್ಮ ಅಪ್ಪ ಅಮ್ಮಂದಿರನ್ನು ಕೇಳಿ, ಅದರ ರಾಗವನ್ನು ಈಗಲೂ ಹೇಳುತ್ತಾರೆ.

12. ಗೌರವಗಳು ಮತ್ತು ಕೊನೆಯ ದಿನಗಳು

1973ರಲ್ಲಿ ಪದ್ಮಭೂಷಣ, 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಲಕ್ಷ್ಮಣ್ ಅವರಿಗೆ ಬಂದವು. ಶ್ರೀಸಾಮಾನ್ಯನಿಗೂ ಗೌರವ ಸಿಕ್ಕಿತು. 1988ರಲ್ಲಿ ಅವನ ಚಿತ್ರ ಅಂಚೆ ಚೀಟಿಯ ಮೇಲೆ ಬಂತು. ಪುಣೆಯ ಸಿಂಬಯಾಸಿಸ್ ಸಂಸ್ಥೆಯಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ರಾಜರಿಗೆ, ಮಂತ್ರಿಗಳಿಗೆ ಪ್ರತಿಮೆ ಇರುತ್ತದೆ. ಪಂಚೆ ಉಟ್ಟು ಸುಮ್ಮನೆ ನಿಂತ ಸಾಮಾನ್ಯನಿಗೆ ಪ್ರತಿಮೆ ಇರುವುದು ಅಪರೂಪ. ನಮ್ಮ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಶುರು ಮಾಡಿದಾಗ ಇದೇ ಶ್ರೀಸಾಮಾನ್ಯನ ಚಿತ್ರ ಹಾಕಿಕೊಂಡರು.

2003ರಲ್ಲಿ ಲಕ್ಷ್ಮಣ್ ಅವರಿಗೆ ಪಾರ್ಶ್ವವಾಯು ಆಯಿತು. ಎಡಭಾಗ ಸ್ವಾಧೀನ ತಪ್ಪಿತು. ಬಲಗೈ ಉಳಿದಿತ್ತು. ಆಮೇಲೂ ಚಿತ್ರ ಬರೆದರು. 2015ರ ಜನವರಿ 26ರಂದು, ನಾವೆಲ್ಲ ಬಾವುಟ ಹಾರಿಸಿ ಸಿಹಿ ತಿನ್ನುವ ಗಣರಾಜ್ಯ ದಿನವೇ, ಪುಣೆಯಲ್ಲಿ ತೀರಿಕೊಂಡರು. ಆಗ 93 ವರ್ಷ. ಶ್ರೀಸಾಮಾನ್ಯನ ಪ್ರತಿಮೆ ಇರುವ ಸಿಂಬಯಾಸಿಸ್ ಆವರಣದಲ್ಲೇ ಅವರ ಅಂತಿಮ ದರ್ಶನಕ್ಕೆ ಏರ್ಪಾಡು ಮಾಡಿದ್ದರು.

13. ನಮ್ಮ ರಾಜ್ಯದ ಇನ್ನೂ ಇಬ್ಬರು

ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿ ಬಿ.ವಿ. ರಾಮಮೂರ್ತಿ ಅವರು ‘ಮಿಸ್ಟರ್ ಸಿಟಿಜನ್’ ಎಂಬ ಪಾತ್ರ ಬರೆದರು. ಹೆಣ್ಣುಮಕ್ಕಳು ಬರೀ ರಂಗೋಲಿ ಬರೆಯಬೇಕು ಎಂದುಕೊಂಡವರು ಮಾಯಾ ಕಾಮತ್ ಅವರ ಹೆಸರು ತಿಳಿಯಬೇಕು. ಬೆಂಗಳೂರಿನಲ್ಲಿದ್ದ ಅವರು ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆದರು. 2001ರಲ್ಲಿ ತೀರಿಕೊಂಡರು. ನಮ್ಮ ತರಗತಿಯ ಗೆಳತಿಯರೂ ಕುಂಚ ಹಿಡಿಯಲಿ.

14. ನಮ್ಮ ಊರಿನ ಶ್ರೀಸಾಮಾನ್ಯ

ಶ್ರೀಸಾಮಾನ್ಯ ನಮ್ಮ ಕೋಲಾರದ ಕಡೆ ಹುಟ್ಟಿದ್ದರೆ ಹೇಗಿರುತ್ತಿದ್ದ? ಹೆಗಲ ಮೇಲೆ ಟವೆಲ್, ಮೊಣಕಾಲಿಗೆ ಮಡಚಿದ ಪಂಚೆ, ಹವಾಯಿ ಚಪ್ಪಲಿ. ಅಥವಾ ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುವ ಒಬ್ಬ ಅಮ್ಮ ಆಗಿದ್ದರೂ ಆಗಬಹುದು. ಅವರು ಎಲ್ಲೆಲ್ಲಿ ನಿಲ್ಲಬಹುದು, ನೋಡಿ:

ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿ, ರೇಟು ಬಿದ್ದ ದಿನ, ಬಾಕ್ಸುಗಳ ಪಕ್ಕ.
ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ತೂಕದ ಮುಂದೆ.
ಮಾಲೂರಿನ ಇಟ್ಟಿಗೆ ಗೂಡಿನ ಹತ್ತಿರ, ತನಗೆ ಮನೆ ಇಲ್ಲದೆ ಇಟ್ಟಿಗೆ ಹೊರುತ್ತಾ.
ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ, ಬಾರದ ಬಸ್ಸಿಗೆ ಕಾಯುತ್ತಾ.
ನಮ್ಮ ಊರಿನ ಒಣಗಿದ ನೀರಿನ ತೊಂಬೆಯ ಮುಂದೆ, ಖಾಲಿ ಬಿಂದಿಗೆ ಇಟ್ಟುಕೊಂಡು.

ಈ ಐದರಲ್ಲಿ ಯಾವುದಾದರೂ ಒಂದನ್ನು ಆರಿಸಿ ಚಿತ್ರ ಬರೆಯಿರಿ. ಕೆಳಗೆ ಒಂದೇ ಸಾಲು ಮಾತು ಹಾಕಿ. ನಮ್ಮ ಊರಿನ ಶ್ರೀಸಾಮಾನ್ಯ ಮಾತಾಡಬಾರದು, ಬೇರೆಯವರು ಮಾತಾಡಬಹುದು. ಬರೆದ ಮೇಲೆ ಅಳಿಸಿ ನೋಡುವ ಪರೀಕ್ಷೆ ಮಾಡಿ, ಆಮೇಲೆ ಪತ್ರಿಕೆಗೆ ಕೊಡಿ.

ಗುರುಗಳಲ್ಲಿ ಒಂದು ವಿನಂತಿ. ಪ್ರತಿ ತಿಂಗಳ ಗೋಡೆ ಪತ್ರಿಕೆಯಲ್ಲಿ ಒಂದು ಚೌಕ ಚಿತ್ರಕ್ಕೆ ಬಿಡಬೇಕು. ಚಿತ್ರ ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಒಂದು ಮಾತು ಹೇಳಬೇಕು. ಮೆಳ್ಳೆಗಣ್ಣಿನ ಚಿತ್ರದ ಹಾಗಿದ್ದರೆ ಅದನ್ನು ಹಾಕಬಾರದು, ಯಾಕೆ ಹಾಕಲಿಲ್ಲ ಎಂದು ಬರೆದವರಿಗೆ ತಿಳಿಸಿ ಹೇಳಬೇಕು.

ಪದಗಳ ಅರ್ಥ

ವ್ಯಂಗ್ಯ – ನೇರವಾಗಿ ಹೇಳದೆ ಚುಚ್ಚಿ ಹೇಳುವುದು
ಗೇಲಿ – ಹೀಯಾಳಿಸಿ ನಗುವುದು
ಕಣಿ – ಮುಂದೆ ಆಗುವುದನ್ನು ಹೇಳುವುದು
ಸೆನ್ಸಾರ್ – ಅಚ್ಚಾಗುವ ಮೊದಲು ಸರ್ಕಾರ ಓದಿ ಬೇಡದ್ದನ್ನು ತೆಗೆಯುವುದು
ಚೌಕಳಿ – ಚೌಕ ಚೌಕವಾದ ವಿನ್ಯಾಸ

ಪ್ರಶ್ನೆಗಳು

1. ಲಕ್ಷ್ಮಣ್ ಅವರು ಯಾವಾಗ, ಎಲ್ಲಿ ಹುಟ್ಟಿದರು?
2. ಕೊರವಂಜಿ ಪತ್ರಿಕೆಯನ್ನು ಶುರು ಮಾಡಿದವರು ಯಾರು?
3. ಗುಂಪಿನ ಬದಲು ಒಬ್ಬನೇ ಶ್ರೀಸಾಮಾನ್ಯ ಉಳಿದದ್ದು ಯಾಕೆ?
4. ಗೇಲಿಗೂ ವ್ಯಂಗ್ಯಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆ ಕೊಟ್ಟು ಬರೆಯಿರಿ.
5. ಶ್ರೀಸಾಮಾನ್ಯ ಇವತ್ತು ನಮ್ಮ ಊರಿಗೆ ಬಂದರೆ ಮೊದಲು ಎಲ್ಲಿ ನಿಲ್ಲುತ್ತಾನೆ? (ಈ ಪ್ರಶ್ನೆಗೆ ಉತ್ತರ ಬರೆಯಬೇಡಿ, ಚಿತ್ರ ಬರೆಯಿರಿ.)

– ಏಳನೇ ತರಗತಿ